ಅಲುಗದೆ ಸತ್ತ ಅಡುಗೆಯವನು

ನಾನು ಸತ್ತದ್ದು ಮಟಮಟ ಮಧ್ಯಾಹ್ನ, ಕೋಟೆಗೋಡೆಯ ಬುಡದಲ್ಲಿ, ಒಂದು ಕಾಲಿಗೆ ಬೂಟಿಲ್ಲದೆ. ಹಾಗೆಂದು ಖಾಜಿಯ ದಫ್ತರದಲ್ಲಿ ಬರೆದಿದೆ. ಬರೆದ ಖಾಜಿಯ ಮೂರು ಹೆಣ್ಣುಮಕ್ಕಳ ಮದುವೆಗೂ ಕೊಪ್ಪರಿಗೆ ಏರಿಸಿದವನು ನಾನೇ. ಅನ್ನದ ಋಣ ಅನ್ನುವುದು ನಮ್ಮ ಅಕ್‌ತೆಪೆಯ ನೀರಿನಲ್ಲೇ ಇಲ್ಲ.

ಆಗ ನನ್ನ ಹೆಸರು ಎರ್ನಜರ್. ಊರಿನಲ್ಲಿ ಸುನ್ನತಿಯಿರಲಿ, ಮದುವೆಯಿರಲಿ, ಸಾವಿರಲಿ, ಪಲಾವ್ ನನ್ನದೇ. ಎಲ್ಲರೂ ಉಸ್ತಾ, ಅಂದರೆ ಗುರು, ಎಂದೇ ಕರೆಯುತ್ತಿದ್ದರು, ಊರಿನ ಇನ್ನೊಬ್ಬ ಅಡುಗೆಯವನಾದ ಮಾಮಾಸೋಲಿಯೂ ಸಹ. ಅವನು ಬೇಯಿಸಿದ್ದನ್ನು ಪಲಾವ್ ಎನ್ನುವುದಕ್ಕೆ ಬಹಳ ಒಳ್ಳೆಯ ಮನಸ್ಸು ಬೇಕು, ನನಗೆ ಅಷ್ಟಿಲ್ಲ.

ಆ ವರ್ಷ ಉತ್ತರದ ದೊರೆ ಬಿಳಿ ಪಾದ್‌ಶಾನ ದಂಡು ಸಮರ್ಕಂದಿನ ಕಡೆಗೆ ಹೊರಟಿತ್ತು. ನಮ್ಮೂರು ದಾರಿಯಲ್ಲೇ ಸಿಗುತ್ತದೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಊರ ಹಿರಿಯ ಬೋಯ್ಮತ್, ಅಂಥವರನ್ನು ನಾವು ಅಕ್ಸಕಾಲ್ ಎನ್ನುತ್ತೇವೆ, ಹರಿವಾಣದಲ್ಲಿ ರೊಟ್ಟಿ ಉಪ್ಪು ಇಟ್ಟುಕೊಂಡು ಹೋಗಿ ಕೋಟೆಬಾಗಿಲು ತೆರೆದ. ಜನರಲ್ ರೊಟ್ಟಿಯನ್ನು ಉಪ್ಪಿಗೆ ಅದ್ದಿ ತಿಂದ, ಕುದುರೆಗಳಿಗೆ ನೀರು ಕುಡಿಸಿಕೊಂಡು ಮುಂದೆ ಹೋದ. ಒಂದು ಗುಂಡೂ ಹಾರಲಿಲ್ಲ. ಪಕ್ಕದ ಕಿಜಿಲ್‌ಕಿಷ್ಲಾಕಿನವರು ಮೂರು ದಿನ ಹೋರಾಡಿ ಸೋತಿದ್ದರು, ಅದೇ ಅವರಿಗೊಂದು ಕೋಡು. ಸಂತೆಯಲ್ಲಿ ನಮ್ಮವರನ್ನು ಕಂಡರೆ "ಬಂದ್ರಪ್ಪಾ ರೊಟ್ಟಿಯವರು, ದಾರಿ ಬಿಡಿ" ಎಂದು ನಗುವರು. ನಮ್ಮ ಗಂಡಸರು ಸಂತೆಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಇದಾಗಿ ಹನ್ನೆರಡು ದಿನಕ್ಕೆ ಸೂರತ್ಚಿ ಬಂದ. ಚಿತ್ರ ಹಿಡಿಯುವವನಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹೆಸರು ಸ್ಕಾರ್ಪಾ, ಫ್ರಂಗಿಗಳ ಸೀಮೆಯಲ್ಲಿ ನೀರಿನ ಮೇಲೆ ಕಟ್ಟಿದ ಯಾವುದೋ ಊರಿನವನಂತೆ. ಎರಡು ಗಾಡಿ ತುಂಬ ಗಾಜು, ಸೀಸೆ, ಒಂದು ಕಪ್ಪು ಗುಡಾರ, ಮೂರು ಕಾಲಿನ ಮೇಲೆ ನಿಲ್ಲುವ ಒಂದು ಪೆಟ್ಟಿಗೆ. ಅವನ ಬೆರಳುಗಳೆಲ್ಲ ಕಪ್ಪು. ಬೆಳ್ಳಿಯಿಂದ ಮಾಡಿದ ಯಾವುದೋ ಮದ್ದಿನ ಕಲೆಯಂತೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಜೊತೆಗೆ ದುಭಾಷಿಯಾಗಿ ನಿಗ್ಮತ್ ಎಂಬ ತಾತಾರ. ಇಬ್ಬರೂ ಚಹಾದ ಅಂಗಡಿಯಲ್ಲಿ ಕೂತರು, ಊರೆಲ್ಲ ಸುತ್ತ ಕೂತಿತು.

"ಯುದ್ಧ ಎಲ್ಲಿ ಅಂತ ಕೇಳ್ತಿದಾರೆ," ಅಂದ ನಿಗ್ಮತ್.

"ಆಗ್ಲಿಲ್ಲ," ಅಂದ ಅಕ್ಸಕಾಲ್.

ಸ್ಕಾರ್ಪಾ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ಏನೋ ಹೇಳಿದ. ನಿಗ್ಮತ್ ಅದನ್ನು ಚಿಕ್ಕದು ಮಾಡಿದ: "ಇವರು ಸಮುದ್ರದಾಚೆ ಮೂರು ಯುದ್ಧಕ್ಕೆ ಹೋಗಿದ್ರಂತೆ. ಯುದ್ಧದ ಚಿತ್ರ ಹಿಡಿಯೋದ್ರಲ್ಲಿ ಇವರೇ ಮೊದಲಿಗರಂತೆ. ಆದ್ರೆ ಸೀಸೆ ಒಡೀಬಾರ್ದಲ್ಲ, ಗಾಡಿ ನಿಧಾನಕ್ಕೆ ಹೊಡಿಸ್ತಾರೆ. ಅಷ್ಟರಲ್ಲಿ ಯುದ್ಧ ಮುಗಿದಿರುತ್ತೆ. ಆ ಮೂರು ಕಡೆ ಹೆಣಗಳಾದ್ರೂ ಸಿಕ್ಕಿದ್ವು. ಇಲ್ಲಿ ಅದೂ ಇಲ್ವಲ್ಲಾ ಅಂತ ಬೇಜಾರು ಮಾಡ್ಕೊಂಡಿದಾರೆ."

ಅಕ್ಸಕಾಲ್ ನಾಚಿಕೆಯಿಂದ ಕೆಂಪಾದ. ಬಂದ ಅತಿಥಿ ಕೇಳಿದ್ದು ಮನೆಯಲ್ಲಿಲ್ಲ ಎನ್ನುವುದು ನಮ್ಮಲ್ಲಿ ತಲೆಯೆತ್ತಲಾಗದ ಅವಮಾನ. ಅತಿಥಿ ಕುರಿ ಕೇಳಿದರೆ ಕುರಿ, ಕುದುರೆ ಕೇಳಿದರೆ ಕುದುರೆ. ಯುದ್ಧ ಕೇಳಿದವನು ಇವನೇ ಮೊದಲು.

"ನಾಳೆ ಮಾಡ್ಕೊಡ್ತೀವಿ ಅಂತ ಹೇಳು," ಅಂದ ಅಕ್ಸಕಾಲ್. "ಎಷ್ಟು ಹೆಣ ಬೇಕಂತೆ?"

ಹದಿನೇಳು ಜನ ಹೆಣವಾಗಲು ಒಪ್ಪಿದೆವು. ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದಾಗ ಗೋಡೆಯ ಬುಡದಲ್ಲಿ ಸ್ಕಾರ್ಪಾ ನಮ್ಮನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದ. ಒಬ್ಬನ ಕೈ ಎತ್ತಿ ಇನ್ನೊಬ್ಬನ ಎದೆಯ ಮೇಲಿಟ್ಟ, ದೂರ ಹೋಗಿ ನೋಡಿದ, ತಲೆಯಾಡಿಸಿದ, ಬಂದು ಮತ್ತೆ ತೆಗೆದ. ರಕ್ತಕ್ಕೆ ಹಿಪ್ಪುನೇರಳೆ ಹಣ್ಣಿನ ರಸ. ಸತ್ತ ಕುದುರೆ ಬೇಕೆಂದ, ಯಾರೂ ಕೊಡಲಿಲ್ಲ, ಒಂದು ಕತ್ತೆಯನ್ನು ತಂದು ನಿಲ್ಲಿಸಿದರು. ನನ್ನನ್ನು ಎಲ್ಲರಿಗಿಂತ ಮುಂದೆ ಹಾಕಿ, ಒಂದು ಬೂಟು ಕಳಚಿ ದೂರ ಎಸೆದ. ಅದೇಕೆ ಎಂದು ಕೇಳಿದೆ. ಬೂಟು ಹೋದ ಹೆಣ ನೋಡಿದರೆ ಅವನ ಊರಿನ ಹೆಂಗಸರು ಅಳುತ್ತಾರಂತೆ.

"ಇಪ್ಪತ್ತು ಎಣಿಸೋ ತನಕ ಯಾರೂ ಅಲುಗೋ ಹಾಗಿಲ್ಲ!" ಎಂದು ನಿಗ್ಮತ್ ಕೂಗಿದ.

ನಮ್ಮವರಿಗೆ ಇಪ್ಪತ್ತು ಎಣಿಸುವ ತನಕ ಅಲುಗದಿರುವುದೆಂದರೆ ದೊಡ್ಡ ಶಿಕ್ಷೆ. ಒಬ್ಬ ಸೀನಿದ, ಒಬ್ಬ ನೊಣ ಹೊಡೆದ, ಮಾಮಾಸೋಲಿ ಚಿತ್ರ ಆಯಿತೇ ಎಂದು ಎದ್ದು ನೋಡಿದ. ಕತ್ತೆ ಎಡಕ್ಕೂ ಬಲಕ್ಕೂ ನೋಡಿತು. ನಾನು ಹಿಂದಿನ ದಿನ ಒಂದು ಮದುವೆಗೆ ಕೊಪ್ಪರಿಗೆ ಏರಿಸಿ ದಣಿದಿದ್ದೆ. ಮಲಗಿದವನು ಹಾಗೇ ನಿದ್ದೆ ಹೋದೆ. ಚಿತ್ರ ಮುಗಿಯಿತು, ಎಲ್ಲರೂ ಚಹಾಕ್ಕೆ ಎದ್ದು ಹೋದರು, ನನ್ನನ್ನು ಎಬ್ಬಿಸಲು ಯಾರಿಗೂ ನೆನಪಾಗಲಿಲ್ಲ.

ಎಚ್ಚರವಾದಾಗ ಸ್ಕಾರ್ಪಾನ ಗಾಡಿಗಳು ಹೊರಟು ನಿಂತಿದ್ದವು. ಅವನ ಅಡುಗೆಯವನು ಓಡಿಹೋಗಿದ್ದನಂತೆ. "ಬರ್ತೀರಾ ಉಸ್ತಾ? ಜನರಲ್ ಬಿಡಾರಕ್ಕೇ ಹೋಗ್ತಿದೀವಿ," ಅಂದ ನಿಗ್ಮತ್. ಜನರಲ್ಲನ ಬಿಡಾರವೆಂದರೆ ಎಂಥ ಕೊಪ್ಪರಿಗೆಗಳಿರಬಹುದು ಎಂದುಕೊಂಡು ಒಂದೇ ಬೂಟಿನಲ್ಲಿ ಗಾಡಿ ಹತ್ತಿದೆ. ದಾರಿಯಲ್ಲಿ ಮಾಮಾಸೋಲಿ ಎದುರಾದ. ಮನೆಗೆ ಹೇಳಿಬಿಡು ಎಂದು ಅವನಿಗೆ ಕೂಗಿ ಹೇಳಿದೆ. ಮನೆ ಅಲ್ಲಿಂದ ಮುನ್ನೂರು ಹೆಜ್ಜೆ. ಇಳಿದು ಹೋಗಿ ನಾನೇ ಹೇಳಬಹುದಿತ್ತು. ಹೇಳಲಿಲ್ಲ.

ಬಿಡಾರದಲ್ಲಿ ನನಗೆ ಕೊಟ್ಟ ಕೆಲಸ ಕೇಳಿದರೆ ನಗುತ್ತೀರಿ. ಚಿತ್ರ ಮೂಡುವ ಕಾಗದಕ್ಕೆ ಮೊದಲು ಮೊಟ್ಟೆಯ ಬಿಳಿ ಲೋಳೆ ಬಳಿಯಬೇಕಂತೆ. ಹಳದಿ ಒಂದು ಚೂರು ಬಿದ್ದರೂ ಕಾಗದ ಹಾಳು. ನನ್ನ ಕೈ ನಯವಾದದ್ದೆಂದು ಸ್ಕಾರ್ಪಾನಿಗೆ ಗೊತ್ತಾಗಿಹೋಯಿತು. ಅಕ್‌ತೆಪೆಯ ಎರ್ನಜರ್ ಉಸ್ತಾ ಸುಮಾರು ನಾಲ್ಕು ತಿಂಗಳು ಗುಡಾರದ ನೆರಳಿನಲ್ಲಿ ಕೂತು ಮೊಟ್ಟೆ ಒಡೆದ. ಉಳಿದ ಹಳದಿಯನ್ನು ನಾವು ಮೂವರೂ ಬೆಳಿಗ್ಗೆ ತಿಂದೆವು, ಸಂಜೆ ತಿಂದೆವು, ಕೊನೆಗೆ ಕುದುರೆಗಳಿಗೂ ಹಾಕಿದೆವು.

ಸ್ಕಾರ್ಪಾ ಮನುಷ್ಯ ಕೆಟ್ಟವನಲ್ಲ. ಒಂದು ದಿನ ಹಳೆಯ ಗಾಜುಗಳನ್ನು ಬೆಳಕಿಗೆ ಹಿಡಿದು ತೋರಿಸಿದ. ಯಾವುದೋ ಅರಮನೆಯ ಅಂಗಳ, ತುಂಬ ಮೂಳೆ. ನಿಜವಾದವು. ಹೂತದ್ದನ್ನು ತೆಗೆಸಿ ಹರಡಿಸಿದೆ ಎಂದು ತಾನೇ ಹೇಳಿದ. "ಇವರು ಬಹಳ ಒಳ್ಳೇ ಜನ, ಒಬ್ರೂ ಅಲುಗ್ಲಿಲ್ಲ ಅಂತಾರೆ," ಅಂದ ನಿಗ್ಮತ್. ಸ್ಕಾರ್ಪಾ ನಗುತ್ತಿರಲಿಲ್ಲ. ನನಗೆ ಅವತ್ತು ಹಳದಿ ಸೇರಲಿಲ್ಲ.

ಚಳಿ ಬರುವ ಮುಂಚೆ ಸಮುದ್ರ ಸೇರಬೇಕೆಂದು ಅವನು ಹಿಂದಿರುಗಿದ. ನಮ್ಮೂರ ದಾರಿಯಲ್ಲೇ ಬರಬೇಕಲ್ಲ, ನಾನೂ ಗಾಡಿಯಲ್ಲಿ ಬಂದೆ. ಊರ ಹೊರಗೆ, ಆ ಗೋಡೆಯ ಬುಡದಲ್ಲೇ, ಹೊಸದೊಂದು ಗೋರಿ. ಮೇಲೆ ಕುದುರೆ ಬಾಲ ಕಟ್ಟಿದ ಉದ್ದನೆಯ ಕೋಲು. ಹೆಂಗಸರು ಅದಕ್ಕೆ ಹರಕೆಯ ಬಟ್ಟೆಚೂರು ಕಟ್ಟುತ್ತಿದ್ದರು. ಪಕ್ಕದಲ್ಲಿ ನನ್ನ ಕೊಪ್ಪರಿಗೆ, ನನ್ನ ಜಾಲರಿ ಸೌಟು, ಅದನ್ನು ಹಿಡಿದ ಮಾಮಾಸೋಲಿ.

"ಇದು ಯಾರ ಗೋರಿ ತಾಯೀ?" ಎಂದು ಪರವೂರಿನ ಹೆಂಗಸೊಬ್ಬಳನ್ನು ಕೇಳಿದೆ.

"ಎರ್ನಜರ್ ಬಾಬಾ ಅವರ್ದು ಕಣಪ್ಪಾ. ಇಡೀ ದಂಡನ್ನ ಒಬ್ರೇ ತಡೆದ್ರಂತೆ. ಹಲ್ಲುನೋವಿಗೆ ಬಹಳ ಒಳ್ಳೇದು."

ಮಾಮಾಸೋಲಿ ನನ್ನನ್ನು ಕಂಡು ಸೌಟು ಬಿಟ್ಟ. ನಾನು ಮೊದಲು ಕೊಪ್ಪರಿಗೆ ನೋಡಿದೆ, ಅದು ನನ್ನ ಸ್ವಭಾವ. "ಗಜ್ಜರಿ ಸುಟ್ಟಿದೀಯಲ್ಲೋ ದರಿದ್ರದವನೇ! ನನ್ನ ಹೆಸರಲ್ಲಿ ಇಂಥದ್ದು ಬಡಿಸ್ತೀಯಾ? ಅದಿರ್ಲಿ, ಮನೆಗೆ ಹೇಳು ಅಂದಿದ್ನಲ್ಲ, ಹೇಳ್ದೆಯಾ?"

"ಹೇಳ್ಬೇಕು ಅಂತಾನೇ ಹೊರಟಿದ್ದೆ ಉಸ್ತಾ," ಅಂದ ಅವನು ಹಿಂದೆ ಹಿಂದೆ ಸರಿಯುತ್ತ. "ದಾರೀಲಿ ಚಹಾ ಕುಡಿಯೋಕೆ ಕೂತೆ. ಎರಡು ದಿನಕ್ಕೆ ಬಿಡಾರದಿಂದ ಚಿತ್ರ ಬಂತು. ಅದನ್ನ ನೋಡಿದ ಮೇಲೆ ನನಗೇ ಅನುಮಾನ ಬಂತು, ಗಾಡೀಲಿ ಕೂತು ನನ್ನ ಹತ್ರ ಮಾತಾಡಿದ್ದು ಯಾರು ಅಂತ."

ಆ ಚಿತ್ರವನ್ನು ಖಾಜಿ ದಫ್ತರದೊಳಗೆ ಜೋಪಾನವಾಗಿಟ್ಟಿದ್ದ. ತೆಗೆದು ತೋರಿಸಿದ. ಹದಿನಾರು ಜನರಿದ್ದ ಕಡೆ ಹದಿನಾರು ಹೊಗೆ. ಕತ್ತೆಗೆ ಎರಡು ತಲೆ. ಮುಂದುಗಡೆ ನಾನೊಬ್ಬ ಮಾತ್ರ ಬಾಯಿ ತೆರೆದುಕೊಂಡು, ಗಡ್ಡದ ಒಂದೊಂದು ಕೂದಲೂ ಎಣಿಸುವ ಹಾಗೆ, ಸ್ಪಷ್ಟವಾಗಿ ಸತ್ತಿದ್ದೆ. ಊರಿನವರು ಸರಿಯಾಗಿಯೇ ಯೋಚಿಸಿದ್ದರು. ಬದುಕಿದವನು ಅಲುಗುತ್ತಾನೆ, ಅಲುಗಿದವನು ಚಿತ್ರದಲ್ಲಿ ಹೊಗೆಯಾಗುತ್ತಾನೆ. ಹೊಗೆಯಾಗದವನು ಸತ್ತವನು. ನಾನು ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಹೆಣವೆಲ್ಲಿ ಎಂದರೆ, ಹಿಡಿದದ್ದನ್ನು ಕೊಂಡುಹೋಗುವುದೇ ಸೂರತ್ಚಿಯ ಕಸುಬು. ಹುಡುಕಿದಾಗ ಸಿಕ್ಕಿದ್ದು ಬೂಟು. ಅದಕ್ಕೇ ನಮಾಜು ಮಾಡಿ ಹೂತಿದ್ದರು.

ಚಿತ್ರದ ಕೆಳಗೆ ಜನರಲ್ಲನ ಮೊಹರು. ಅಕ್‌ತೆಪೆಯನ್ನು ಘೋರ ಯುದ್ಧದಲ್ಲಿ ಗೆದ್ದೆನೆಂದು ಅವನು ಪಾದ್‌ಶಾನಿಗೆ ಬರೆದಿದ್ದ. ಯುದ್ಧಕ್ಕೆ ಒಂದು ಹೆಣವಾದರೂ ಬೇಡವೇ?

"ಖಾಜಿ ಸಾಹೇಬ್ರೇ, ನಾನು ನಿಮ್ಮೆದುರಿಗೇ ನಿಂತಿದೀನಿ!" ಅಂದೆ.

"ಕಾಣ್ತಿದೆ. ಆದ್ರೆ ನ್ಯಾಯ ಅಂದ್ರೆ ಇಬ್ಬರು ಸಾಕ್ಷಿ ಬೇಕು," ಅಂದ ಖಾಜಿ. "ನೀನು ಸತ್ತೆ ಅನ್ನೋದಕ್ಕೆ ಒಬ್ಬ ಸೂರ್ಯ. ಚಿತ್ರ ಬರೆದವನು ಅವನೇ, ಅವನಿಗೇನು ನಿನ್ನ ಮೇಲೆ ಹಗೆಯೇ? ಇನ್ನೊಬ್ಬ ಜನರಲ್, ಮೊಹರು ನೋಡು. ನೀನು ಬದುಕಿದೀಯ ಅನ್ನೋದಕ್ಕೆ ಯಾರಿದಾರೆ?"

"ನಾನೇ ಇದೀನಲ್ಲ!"

"ತನ್ನ ಪರವಾಗಿ ತಾನೇ ಸಾಕ್ಷಿ ಹೇಳೋದನ್ನ ಯಾವ ನ್ಯಾಯ ಒಪ್ಪುತ್ತಪ್ಪಾ?"

ಅಕ್ಸಕಾಲ್ ನನ್ನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ. "ನೋಡು ಎರ್ನಜರ್, ಸಿಟ್ಟಾಗ್ಬೇಡ, ನೀನು ಸತ್ತ ಮೇಲೆ ಊರು ಚೆನ್ನಾಗಿದೆ. ಸಂತೇಲಿ ಈಗ ಕಿಜಿಲ್‌ಕಿಷ್ಲಾಕಿನವರು ಎದ್ದು ಜಾಗ ಕೊಡ್ತಾರೆ. ಅಲ್ಲೂ ಸತ್ತಿದಾರೆ, ಆದ್ರೆ ಅವರ ಹತ್ರ ಚಿತ್ರ ಇಲ್ಲ. ನೀನು ಬದುಕಿದ್ದು ಯಾರಿಗೆ ಏನು ಮಾಡ್ದೆ ಹೇಳು? ಪಲಾವ್ ಮಾಡ್ದೆ."

ನಾನು ನೇರ ಮನೆಗೆ ಹೋದೆ.

ಬಾಗಿಲು ಹಾಕಿತ್ತು. ನನ್ನ ಹೆಂಡತಿ ಹಾಸಿಯತ್ ವಿಧವೆಯರ ನೀಲಿ ಉಟ್ಟು ಒಳಗೆ ಕೂತಿದ್ದಾಳೆ, ನಾಲ್ಕು ತಿಂಗಳು ಹತ್ತು ದಿನ ಪರಗಂಡಸರ ಮುಖ ನೋಡುವಂತಿಲ್ಲ, ಇನ್ನು ಹದಿನೆಂಟು ದಿನ ಉಳಿದಿದೆ ಎಂದು ದಾರಿಯಲ್ಲಿ ನಾಲ್ಕು ಜನ ಹೇಳಿದ್ದರು. ಐದನೆಯವನು ಇನ್ನೊಂದು ಸುದ್ದಿ ಹೇಳಿದ್ದ. ಹತ್ತೊಂಬತ್ತನೆಯ ದಿನ ಮಾಮಾಸೋಲಿ ಅವಳನ್ನು ಕೇಳಲು ಹಿರಿಯರನ್ನು ಕಳಿಸುತ್ತಾನಂತೆ. ಕೊಪ್ಪರಿಗೆ ಸಿಕ್ಕಿದೆ, ಸೌಟು ಸಿಕ್ಕಿದೆ, ಉಳಿದದ್ದೂ ಇರಲಿ ಎಂದುಕೊಂಡಿರಬೇಕು.

"ಯಾರದು?" ಒಳಗಿಂದ ಹಾಸಿಯತ್.

"ನಾನು."

"ನಾನು ಅನ್ನೋರು ತೀರ್ಕೊಂಡ್ರು."

"ಹಾಸಿಯತ್, ನನ್ನ ದನಿ ಗುರ್ತು ಸಿಕ್ಲಿಲ್ವೇನೇ?"

"ಚೆನ್ನಾಗೇ ಸಿಕ್ತು. ಇಷ್ಟು ದಿನ ಎಲ್ಲಿ ಹೋಗಿದ್ರಿ?"

ಮೊಟ್ಟೆ ಒಡೆಯಲು ಎಂದು ಹೇಳಬೇಕಾಯಿತು.

"ನಲವತ್ತು ದಿನ ಅತ್ತೆ ನಾನು," ಅಂದಳು. "ಒಂದು ಬೂಟು ಹೂಳಿಸಿ ಅತ್ತೆ. ಮನೆಗೆ ಬಂದು ಒಂದು ಮಾತು ಹೇಳಿ ಹೋಗಿದ್ರೆ ನೀವು ಸಾಯ್ತಾನೇ ಇರ್ಲಿಲ್ಲ. ಈಗ ಹೋಗಿ. ಸತ್ತೋರ ಹತ್ರ ಬಾಗಿಲಲ್ಲಿ ನಿಂತು ಮಾತಾಡಿದ್ರೆ ನಾಲ್ಕು ಜನ ಏನಂದಾರು?"

ಖಾಜಿಯ ಮಾತಿಗೆ ನನಗೆ ಸಿಟ್ಟು ಬಂದಿತ್ತು, ಅಕ್ಸಕಾಲನ ಮಾತಿಗೆ ನಗು ಬಂದಿತ್ತು. ಈ ಮಾತಿಗೆ ಮಾತ್ರ ಹೆದರಿಕೆಯಾಯಿತು. ಊರು ನನ್ನನ್ನು ಸತ್ತವನೆಂದರೆ ಎನ್ನಲಿ, ಅವಳು ಹೌದೆಂದುಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

ಓಡಿಹೋಗಿ ಸ್ಕಾರ್ಪಾನ ಕೈ ಹಿಡಿದೆ. "ಸುಮ್ನೆ ಆಟಕ್ಕೆ ಮಲಗಿಸಿದ್ದು ಅಂತ ಖಾಜಿ ಹತ್ರ ಒಂದು ಮಾತು ಹೇಳಿ."

ಸ್ಕಾರ್ಪಾ ತನ್ನ ಕಪ್ಪು ಬೆರಳುಗಳನ್ನು ನೋಡಿಕೊಂಡ. ಆ ಚಿತ್ರ ಆಗಲೇ ಸಮುದ್ರ ದಾಟಿತ್ತು. ಅವನು ಕಾಲಕ್ಕೆ ಸರಿಯಾಗಿ ಮುಟ್ಟಿದ ಒಂದೇ ಯುದ್ಧ ನಮ್ಮದೆಂದು ಫ್ರಂಗಿಗಳು ಹೊಗಳುತ್ತಿದ್ದರಂತೆ. "ನೀವು ಬದುಕಿದೀರ ಅಂತ ಇವರಿಗೆ ಗೊತ್ತಂತೆ," ಅಂದ ನಿಗ್ಮತ್. "ಆದ್ರೆ ಇವರ ಚಿತ್ರಕ್ಕೆ ಗೊತ್ತಿಲ್ವಂತೆ. ಬೇಕಾದ್ರೆ ಬದುಕಿರೋ ಹಾಗೆ ಇನ್ನೊಂದು ಹಿಡಿದುಕೊಡ್ತಾರಂತೆ."

ಅದೂ ಆಗಲಿ ಎಂದೆ. ಖಾಜಿಯ ಅಂಗಳದಲ್ಲಿ ಮೂರು ಪೀಠ ಹಾಕಿ ನಡುವೆ ನನ್ನನ್ನು, ಆಚೀಚೆ ಖಾಜಿಯನ್ನೂ ಅಕ್ಸಕಾಲನನ್ನೂ ಕೂರಿಸಿದ. ಸಿಟ್ಟಿನಲ್ಲಿ ನಾನು ನಡುಗುತ್ತಿದ್ದೆ. ಅದಕ್ಕೆಂದೇ ಅವನ ಹತ್ತಿರ ಒಂದು ಕಬ್ಬಿಣದ ಕೋಲಿದೆ, ಬೆನ್ನ ಹಿಂದೆ ನಿಲ್ಲಿಸಿ ಕತ್ತನ್ನು ಇಕ್ಕಳದ ಹಾಗೆ ಹಿಡಿಯುತ್ತದೆ. ಅದನ್ನು ಬಿಗಿದ, ಇಪ್ಪತ್ತು ಎಣಿಸಿದ. ಖಾಜಿ ಜಪಮಣಿ ಎಣಿಸುತ್ತಿದ್ದ, ಅಕ್ಸಕಾಲ್ ಅಭ್ಯಾಸದಂತೆ ತಲೆದೂಗುತ್ತಿದ್ದ. ಕಾಗದ ಒಣಗಿದ ಮೇಲೆ ನೋಡಿದರೆ ಇಬ್ಬರು ಹೊಗೆಯ ಮನುಷ್ಯರ ನಡುವೆ ನಾನು, ಕಣ್ಣು ಬಿಟ್ಟುಕೊಂಡು, ಕಲ್ಲಿನಂತೆ ಸ್ಪಷ್ಟವಾಗಿದ್ದೆ.

"ನಾವಿಬ್ಬರೂ ಬದುಕಿದೀವಿ, ಅಲ್ಹಮ್ದುಲಿಲ್ಲಾ," ಅಂದ ಖಾಜಿ. "ನಡುವೆ ಹೆಣಾನ ಕೋಲಿಗೆ ಕಟ್ಟಿ ಕೂರಿಸಿದಾರೆ. ಹೆಣದ ಪಕ್ಕ ಕೂರೋಕೆ ನಾನಂತೂ ಒಪ್ಪಿರ್ಲಿಲ್ಲ."

"ಕೋಲು ತೆಗೀರಿ! ಇನ್ನೊಂದು ಹಿಡೀರಿ!" ಎಂದು ಕಿರುಚಿದೆ. ಈ ಸಲ ಬದುಕಿರುವುದು ಚೆನ್ನಾಗಿ ಗೊತ್ತಾಗಲೆಂದು ಪೀಠದಿಂದೆದ್ದು ಕುಣಿದೆ, ಕೈ ಬೀಸಿದೆ, ಖಾಜಿಯ ಅಂಗಳವನ್ನು ಎರಡು ಸುತ್ತು ಓಡಿದೆ. ಚಿತ್ರದಲ್ಲಿ ಬಂದದ್ದು ಖಾಲಿ ಪೀಠ. ಹೊಗೆ ಕೂಡ ಇರಲಿಲ್ಲ.

ಖಾಜಿ ಮೂರು ಚಿತ್ರವನ್ನೂ ಸಾಲಾಗಿ ಜೋಡಿಸಿದ. "ಮೊದಲನೇದ್ರಲ್ಲಿ ಸತ್ತ. ಎರಡನೇದ್ರಲ್ಲಿ ಸೆಟೆದ. ಮೂರನೇದ್ರಲ್ಲಿ ಹೂತಾಗಿದೆ," ಎಂದು ದಫ್ತರ ಮುಚ್ಚಿದ.

ಸ್ಕಾರ್ಪಾ ನನ್ನನ್ನು ಅಪ್ಪಿಕೊಂಡು ಹೊರಟುಹೋದ. ಅವನ ಕಣ್ಣಲ್ಲಿ ನೀರಿತ್ತು. ಇಷ್ಟು ಚೆನ್ನಾಗಿ ಮೊಟ್ಟೆ ಒಡೆಯುವವನು ಇನ್ನೆಲ್ಲಿ ಸಿಗುತ್ತಾನೆ? ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

ಆಮೇಲೆ ನಾನು ಮಸೀದಿಯ ಕಟ್ಟೆಯ ಮೇಲೆ ಮಲಗಿದೆ. ಊರಿನವರು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಗುರುವಾರ ಗುರುವಾರ ನನ್ನ ಆತ್ಮಕ್ಕೆಂದು ಬಡಿಸುವ ಪಲಾವಿನಲ್ಲಿ ನನಗೂ ಒಂದು ತಟ್ಟೆ ಸಿಗುತ್ತಿತ್ತು. ಗಜ್ಜರಿ ಸುಟ್ಟೇ ಇರುತ್ತಿತ್ತು. ಹದಿನೈದು ದಿನ ಹೀಗೆ ಹೋದ ಮೇಲೆ ಸೂಲಗಿತ್ತಿ ಉಲ್ಜೋನ್ ಮೋಮೋ ಕಟ್ಟೆಯ ಮುಂದೆ ಬಂದು ನಿಂತಳು. ಮೋಮೋ ಎಂದರೆ ಅಜ್ಜಿ; ನಮ್ಮೂರಿನಲ್ಲಿ ಅವಳ ಕೈಗೆ ಬೀಳದೆ ಯಾರೂ ಭೂಮಿಗೆ ಬಿದ್ದಿಲ್ಲ.

"ಎಲಾ ಹೆಣವೇ, ಏಳು ಮೇಲೆ," ಅಂದಳು. "ಇಷ್ಟು ದಿನ ಖಾಜಿ ಹತ್ರ ಸಾಯೋದರ ವಿಚಾರ ಮಾತಾಡ್ದೆ. ಹುಟ್ಟೋದರ ವಿಚಾರ ನನ್ನ ಹತ್ರ ಮಾತಾಡ್ಬೇಕು ಅಂತ ಹೊಳೀಲಿಲ್ವಾ ನಿನಗೆ?"

ಮಕ್ಕಳು ಉಳಿಯದ ಮನೆಯಲ್ಲಿ ಕೂಸು ಹುಟ್ಟಿದರೆ ನಮ್ಮಲ್ಲಿ ಅದನ್ನು ಕಿಟಕಿಯಿಂದ ಪಕ್ಕದ ಮನೆಯವರಿಗೆ ತೌಡಿಗೆ ಮಾರುತ್ತಾರೆ. ಸಾವು ಬಾಗಿಲಿಗೆ ಬಂದು ಹುಡುಕಿದರೆ ಆ ಕೂಸು ಅಲ್ಲಿಲ್ಲ, ಬೇರೆ ಮನೆಯ, ಬೇರೆ ಹೆಸರಿನ ಕೂಸು. ಮೋಮೋ ಹೇಳಿದ್ದು ಇದನ್ನೇ. ಎರ್ನಜರ್ ಗೋರಿಯಲ್ಲಿ ಸುಖವಾಗಿರಲಿ, ಊರಿನ ಮಾನ ಊರಿಗಿರಲಿ. ನೀನು ಹೊಸದಾಗಿ ಹುಟ್ಟು.

ಅಕ್ಸಕಾಲನಿಗೆ ಬಹಳ ಹಿಡಿಸಿತು. ಖಾಜಿಯೂ ಒಪ್ಪಿದ. ಸತ್ತವನು ಎದ್ದು ಬಂದರೆ ದಫ್ತರ ಕೆಡುತ್ತದೆ, ಹುಟ್ಟಿದವನಿಗೆ ಹೊಸ ಸಾಲು ಬರೆದರಾಯಿತು.

ಮೋಮೋಳ ಮನೆಯಲ್ಲಿ ಏಳು ಮುದುಕಿಯರು ಸೇರಿದರು. ನನ್ನ ನಿಲುವಂಗಿ ಕಳಚಿ, ಮೋಮೋಳ ರಜಾಯಿಯ ಕೆಳಗೆ ಮುದುಡಿಸಿ ಮಲಗಿಸಿದರು. ಮೋಮೋ ಎಂಬತ್ತರ ಮುದುಕಿ, ಆದರೂ ಹೆರಿಗೆಯ ನೋವೆಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು. ಕೂಗಿನ ನಡುವೆ ನನ್ನ ಬೆನ್ನಿಗೆ ಗುದ್ದಿ "ಅಳೋ, ಅಳೋ ಕತ್ತೆ" ಎಂದಳು. ಅತ್ತೆ. ಆಮೇಲೆ ಕಿಟಕಿ. ನಲವತ್ತಾರು ವರ್ಷ ಕುರಿ ಕೊಬ್ಬು ತಿಂದ ಹೊಟ್ಟೆ ಅದರಲ್ಲಿ ಸಿಕ್ಕಿಕೊಂಡಿತು. ಒಳಗಿನವರು ತಳ್ಳಿದರು, ಹೊರಗಿನವರು ಎಳೆದರು. ಯಾರೋ ಸುತ್ತಲೂ ಕೊಬ್ಬು ಸವರಿದರು. ವಾಸನೆಯಲ್ಲೇ ಗೊತ್ತಾಯಿತು, ಮಾಮಾಸೋಲಿಯ ಹಳಸಲು ಕೊಬ್ಬು.

"ಗಂಡು! ಗಂಡು!" ಎಂದು ಮುದುಕಿಯರು ಕೇಕೆ ಹೊಡೆದರು. ಅಕ್ಸಕಾಲ್ ನನ್ನನ್ನು ಸಂತೆಯ ದೊಡ್ಡ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕದ ತೌಡು ಕೊಟ್ಟು ಕೊಂಡುಕೊಂಡ. ಖಾಜಿ ಬಲಗಿವಿಯಲ್ಲಿ ಅಜಾನ್ ಹೇಳಿ ಸೋತ್ವೋಲ್ದಿ ಎಂದು ಹೆಸರಿಟ್ಟ. ಕೊಂಡ ಕೂಸುಗಳಿಗೆಲ್ಲ ನಮ್ಮಲ್ಲಿ ಅದೇ ಹೆಸರು.

"ಹುಟ್ಟಿದ ದಿನವೇ ಮದುವೆ ಆಗ್ಬಹುದಾ ಖಾಜಿ ಸಾಹೇಬ್ರೇ?" ಎಂದು ಕೇಳಿದೆ, ಇನ್ನೂ ರಜಾಯಿ ಸುತ್ತಿಕೊಂಡೇ.

ಖಾಜಿ ನನ್ನ ಗಡ್ಡ ನೋಡಿದ. "ವಯಸ್ಸಿಗೆ ಬಂದ ಹಾಗೆ ಕಾಣ್ತೀಯ. ಆದ್ರೆ ಹೆಣ್ಣು ಒಪ್ಪಬೇಕು."

ಅದೇ ಇದ್ದದ್ದು ಕಷ್ಟ. ಹುಟ್ಟುವುದಕ್ಕೆ ಏಳು ಮುದುಕಿಯರು ಸಾಕು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಮಾಮಾಸೋಲಿಯ ಹಿರಿಯರು ಹೋದರು, ತಂದ ರೊಟ್ಟಿಯನ್ನು ಹಾಸಿಯತ್ ಮುಟ್ಟಲೂ ಇಲ್ಲವಂತೆ. ರೊಟ್ಟಿ ಮುರಿದರೆ ಒಪ್ಪಿದ ಹಾಗೆ. ನಮ್ಮ ಕಡೆಯಿಂದ ಮೋಮೋ ಮತ್ತು ಅಕ್ಸಕಾಲ್ ರೊಟ್ಟಿ ಹೊತ್ತು ಹೋದರು. ನಾನು ಬಾಗಿಲ ಹೊರಗೆ ಗೋಡೆಗೆ ಕಿವಿಯಾನಿಸಿ ನಿಂತಿದ್ದೆ. ಹದಿನಾಲ್ಕು ವರ್ಷದ ಹಿಂದೆ ಇದೇ ಹೆಣ್ಣನ್ನು ಕೇಳಲು ಹೋದಾಗ ನಾನು ಜೊತೆಯಲ್ಲೇ ಇರಲಿಲ್ಲ, ಯಾರದೋ ಮದುವೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಒಪ್ಪಿಗೆಯನ್ನೂ ಅವಳು ಹೇಳಲಿಲ್ಲ, ಅವಳ ಸೋದರತ್ತೆ ಹೇಳಿದ್ದು.

"ಹುಡುಗ ಹೇಗೆ?" ಎಂದು ಒಳಗೆ ಹಾಸಿಯತ್ ಕೇಳಿದ್ದು ಕೇಳಿಸಿತು.

"ಮೊನ್ನೆ ಹುಟ್ಟಿದಾನೆ, ಇನ್ನೂ ಕೆಟ್ಟ ಚಾಳಿ ಯಾವ್ದೂ ಕಲಿತಿಲ್ಲ," ಅಂದಳು ಮೋಮೋ.

"ಅಡುಗೆ ಬರುತ್ತಂತಾ?"

"ಬರುತ್ತೆ ಅಂತಾನೆ."

"ಹಾಗಿದ್ರೆ ಒಳಗೆ ಬಂದು ಮಾಡ್ಲಿ. ಇಬ್ಬರಿಗೆ. ಉಂಡು ನೋಡಿ ಹೇಳ್ತೀನಿ."

ಅಂಗಳಕ್ಕೆ ಹೋದೆ. ಹಾಸಿಯತ್ ಪರದೆಯ ಹಿಂದಿದ್ದಳು. ಅಂಗಳದ ಮೂಲೆಯ ಸಣ್ಣ ಒಲೆಯ ಮೇಲೆ ಒಂದು ಸಣ್ಣ ಪಾತ್ರೆ. ನಾನು ಆ ಒಲೆಯ ಮುಂದೆ ಅದುವರೆಗೆ ಕೂತೇ ಇರಲಿಲ್ಲ. ಊರ ಮದುವೆ ಸಾವುಗಳಲ್ಲಿ ಉಂಡು ಬಂದು ಮನೆಯಲ್ಲಿ ಮಲಗುವುದು ನನ್ನ ಪದ್ಧತಿ. ಬೆಂಕಿ ಮಾಡಿದೆ, ಕೊಬ್ಬು ಕರಗಿಸಿದೆ, ಈರುಳ್ಳಿ ಕೆಂಪಾಗಿಸಿದೆ, ಮಾಂಸ, ಗಜ್ಜರಿ ಹಾಕಿದೆ. ಅಲ್ಲಿಯವರೆಗೆ ಕೈ ತಾನೇ ನಡೆಯಿತು. ಅಕ್ಕಿಯ ಚೀಲಕ್ಕೆ ಕೈ ಹಾಕಿದೆ, ಕೈ ನಿಂತುಬಿಟ್ಟಿತು. ನೂರು ಜನಕ್ಕೆ ಎಷ್ಟೆಂದು ಗೊತ್ತು. ಸಾವಿರಕ್ಕೆ ಗೊತ್ತು. ಇಬ್ಬರಿಗೆ ಎಷ್ಟು ಅಕ್ಕಿ ಎಂದು ನನಗೆ ಗೊತ್ತಿರಲಿಲ್ಲ. ಅಕ್ಸಕಾಲ್ ನೋಡುತ್ತಿದ್ದ, ಮೋಮೋ ನೋಡುತ್ತಿದ್ದಳು, ಬೆವರು ಗಡ್ಡಕ್ಕೆ ಇಳಿಯಿತು.

"ಹಾಸಿಯತ್," ಎಂದು ಕರೆದೆ. ಜೀವನದಲ್ಲಿ ಅಡುಗೆಯ ವಿಷಯಕ್ಕೆ ನಾನು ಇನ್ನೊಬ್ಬರನ್ನು ಕೇಳಿದ್ದು ಅದೇ ಮೊದಲು. "ಎಷ್ಟು ಹಾಕ್ಲಿ?"

ಪರದೆ ಸರಿಯಿತು. ಅವಳು ಬಂದು ಒಲೆಯ ಪಕ್ಕ ಕೂತಳು. ಮುಖ ಬಡವಾಗಿತ್ತು. ಬೊಗಸೆ ತುಂಬ ಅಕ್ಕಿ ತೆಗೆದು, ಮೇಲಿಂದ ಸ್ವಲ್ಪ ಚೀಲಕ್ಕೆ ಉದುರಿಸಿ, ಉಳಿದದ್ದನ್ನು ನನ್ನೆದುರು ಹಿಡಿದಳು.

"ಒಬ್ಬರಿಗೆ ಇಷ್ಟು," ಅಂದಳು. "ಹದಿನಾಲ್ಕು ವರ್ಷ ಇಷ್ಟೇ ಹಾಕಿದೀನಿ. ಇಬ್ಬರಿಗೆ ಎಷ್ಟು ಅಂತ ನನಗೂ ಗೊತ್ತಿಲ್ಲ."

ನನಗೆ ಅಳು ಬಂತು. ಈರುಳ್ಳಿ ಹೆಚ್ಚಿ ಬಹಳ ಹೊತ್ತಾಗಿತ್ತು, ತಪ್ಪನ್ನು ಅದರ ಮೇಲೆ ಹೊರಿಸುವ ಹಾಗೂ ಇರಲಿಲ್ಲ. ಅವಳ ಬೊಗಸೆಯದನ್ನು ಪಾತ್ರೆಗೆ ಸುರಿಸಿಕೊಂಡೆ, ನನ್ನದೊಂದು ಬೊಗಸೆ ಹಾಕಿದೆ. ನನ್ನ ಕೈ ದೊಡ್ಡದು, ಅಕ್ಕಿ ಹೆಚ್ಚಾಯಿತು, ನೀರು ಸಾಲಲಿಲ್ಲ, ಮೇಲಿಂದ ಸುರಿದೆ, ಪಲಾವ್ ಮುದ್ದೆಯಾಯಿತು. ಮಾಮಾಸೋಲಿ ಕೂಡ ಅಂಥದ್ದು ಬಡಿಸಿರಲಿಕ್ಕಿಲ್ಲ. ಹಾಸಿಯತ್ ಪೂರ್ತಿ ಉಂಡಳು, ಕೈ ತೊಳೆದಳು, ಆಮೇಲೆ ರೊಟ್ಟಿ ಮುರಿದಳು.